ಚದುರಂಗದಲ್ಲಿ ಎಡಗಡೆಯ ಕುದುರೆಯ ಮುಂದಿನ ಸೈನಿಕನನ್ನು ಎರಡು ಮನೆ ನೂಕಿದರೆ ಏನು ಆಡಬೇಕು?

ಮಲೆನಾಡಿಗ72:
ಭಾನುವಾರದ ಪಂದ್ಯದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಮೊದಲ ನಡೆಯಲ್ಲೇ ಎಡಗಡೆಯ ಕುದುರೆಯ ಮುಂದಿನ ಸೈನಿಕನನ್ನು ಎರಡು ಮನೆ ನೂಕಿದ. ಆಟ ಬಾರದವನು ಎಂದುಕೊಂಡೆ. ಐದನೆಯ ನಡೆಗೆ ನನ್ನ ಆನೆ ಹೋಗಿತ್ತು! ಇದರ ಹೆಸರೇನು, ಉತ್ತರವೇನು? ಮುಂದಿನ ವಾರವೂ ಅವನೇ ಎದುರಾಗಬಹುದು. ದಯವಿಟ್ಟು ಎಂಜಿನ್‌ಗೆ (ಚದುರಂಗದ ಕಂಪ್ಯೂಟರ್ ತಂತ್ರಾಂಶಕ್ಕೆ) ಹಾಕಿ ನೋಡಿ ಎನ್ನಬೇಡಿ.

ಕರ್ಣರೇಖೆ:
ಬಿ4 (ಮನೆಗಳ ಹೆಸರು: ಬಿಳಿ ಆಟಗಾರನ ಎಡದಿಂದ ಬಲಕ್ಕೆ ಎ–ಎಚ್, ಅವನ ಕಡೆಯಿಂದ ಆಚೆಗೆ 1–8). ಒರಾಂಗುಟಾನ್ ಆರಂಭ. 1924ರ ನ್ಯೂಯಾರ್ಕ್ ಪಂದ್ಯಾವಳಿಯ ವೇಳೆ ಹೆಸರಾಂತ ಆಟಗಾರ ಟಾರ್ಟಕೋವರ್ ಬ್ರಾಂಕ್ಸ್ ಮೃಗಾಲಯದಲ್ಲಿ ಸೂಸನ್ ಎಂಬ ಒರಾಂಗುಟಾನನ್ನು ನೋಡಿ ಬಂದು ಇನ್ನೊಬ್ಬ ಆಟಗಾರ ಮರೋಸಿಯ ಎದುರು ಆಡಿದ್ದು ಇದನ್ನೇ. ಒಂಟೆ ಬಿ2ಕ್ಕೆ ಬಂದರೆ ಜಿ7, ಅದರ ಹಿಂದೆ ಎಚ್8ರ ಆನೆ ಎರಡೂ ಅದರ ದಾರಿಯಲ್ಲಿವೆ. ಇ5 ಆಡಿ, ಅವನು ಒಂಟೆ ಬಿ2 ಎಂದರೆ ನಿಮ್ಮ ಒಂಟೆ ಬಿ4ರ ಸೈನಿಕನನ್ನು ಹೊಡೆಯಲಿ. ಅವನು ಇ5 ಹೊಡೆದ ಮೇಲೆ ಕುದುರೆ ಎಫ್6.

ಮಲೆನಾಡಿಗ72:
ನಾನು ಆಡಿದ್ದು ಡಿ5.

ಕರ್ಣರೇಖೆ:
ಆದರೇನು? ಬಿ2ರ ಒಂಟೆಯನ್ನು ಮರೆತಿದ್ದೀರಿ, ಅಷ್ಟೇ. ನಾನು ಹತ್ತು ವರ್ಷದಿಂದ ಬಿ4 ಆಡುತ್ತಿದ್ದೇನೆ, ಈ ಕಥೆ ನನಗೆ ಗೊತ್ತು.

ಮಂಡ್ಯದ ಮಂತ್ರಿ:
ಸೈನಿಕ ಅಲ್ಲ, ಕಾಲಾಳು. ಆನೆ, ಕುದುರೆ, ಕಾಲಾಳು ಎಂದೇ ನಮ್ಮ ಹಿರಿಯರು ಹೇಳುತ್ತಿದ್ದದ್ದು.

ಕರ್ಣರೇಖೆ:
ನಮ್ಮ ಮನೆಯಲ್ಲಿ ಪದಾತಿ. ಈಗ ಅದು ಬೇಕೇ?

ಕೊನೆಯಾಟ:
ಹೋದ ಆನೆ ಯಾವುದು?

ಮಲೆನಾಡಿಗ72:
ಬಲಗಡೆಯದು. ಹೇಳಿದೆನಲ್ಲ.

ಕೊನೆಯಾಟ:
ಹೇಳಿರಲಿಲ್ಲ. ನೀವು ಕಪ್ಪು, ನಿಮ್ಮ ಬಲಗಡೆಯ ಆನೆ ಎ8. ಬಿ2ರ ಒಂಟೆಗೆ ಅದು ಸಿಗುವುದಿಲ್ಲ, ಜಿ2ರ ಒಂಟೆಗೆ ಸಿಗುತ್ತದೆ. ಹಾಗಾದರೆ ನಿಮ್ಮ ‘ಎಡ’ವೂ ನಿಮ್ಮ ಕುರ್ಚಿಯಿಂದ ನೋಡಿದ ಎಡ. ಹುಡುಗ ಆಡಿದ್ದು ಜಿ4, ಸ್ವಿಟ್ಜರ್ಲೆಂಡಿನ ಹೆನ್ರಿ ಗ್ರಾಬ್ ಹೆಸರಿನ ಆರಂಭ. ಡಿ5, ಒಂಟೆ ಜಿ2, ನೀವು ಒಂಟೆಯಿಂದ ಜಿ4 ಹೊಡೆದಿರಿ, ಅವನು ಸಿ4, ನೀವು ಅದನ್ನೂ ಹೊಡೆದಿರಿ. ಸರಿಯೇ?

ಮಲೆನಾಡಿಗ72:
ಅಕ್ಷರಶಃ. ಬಿಟ್ಟಿ ಸಿಕ್ಕಿತು ಎಂದು ಹೊಡೆದೆ.

ಕೊನೆಯಾಟ:
ಡಿ5ರಿಂದ ಸೈನಿಕ ಸರಿದೊಡನೆ ಕರ್ಣ (ಒಂಟೆಯ ಓರೆ ದಾರಿ) ತೆರೆದು ಬಿ7 ಬೀಳುತ್ತದೆ. ಆಗಲೂ ಕುದುರೆಯನ್ನು ಡಿ7ಕ್ಕೆ ತಂದಿದ್ದರೆ, ಎ8ಕ್ಕೆ ಬಂದ ಒಂಟೆಯನ್ನು ಮಂತ್ರಿ ಹೊಡೆಯುತ್ತಿತ್ತು. ಆನೆಗೆ ಒಂಟೆಯಾದರೂ ಸಿಗುತ್ತಿತ್ತು. ಮುಂದಿನ ಸಲ ಒಂಟೆ ಜಿ2ಕ್ಕೆ ಸಿ6 ಆಡಿ, ಕರ್ಣ ಮುಚ್ಚಿಹೋಗುತ್ತದೆ. ಅವನು ಎಚ್3 ಆಡಿದರೆ ಇ5, ನಡುಮನೆಗಳು ನಿಮ್ಮವು. ಜಿ4ಕ್ಕೆ ನೇರವಾಗಿ ಇ5 ಆಡಿದರೂ ಆದೀತು. ಮರೆತು ಎಫ್3 ನೂಕಿದನೋ, ಮಂತ್ರಿ ಎಚ್4, ಎರಡೇ ನಡೆಗೆ ಆಟ ಮುಗಿಯಿತು.

ಕರ್ಣರೇಖೆ:
ಆರಂಭಗಳ ವರ್ಗೀಕರಣದಲ್ಲಿ ಬಿ4, ಜಿ4 ಎರಡೂ ಎ00 ಎಂಬ ಸಂಕೇತದ ಅಡಿಯಲ್ಲೇ ಬರುತ್ತವೆ. ನಾನು ತೀರಾ ದೂರ ಹೋಗಿರಲಿಲ್ಲ.

ಮಂಡ್ಯದ ಮಂತ್ರಿ:
ಇದಕ್ಕೇ ನಾನು ಅಕ್ಷರ, ಅಂಕಿ ಕೆತ್ತಿದ ಬೀಟೆಮರದ ಬೋರ್ಡನ್ನೇ ಬಳಸುವುದು. ಕಾಯಿಗಳ ತಳಕ್ಕೆ ಸೀಸ ತುಂಬಿಸಿದ್ದೇನೆ, ಫ್ಯಾನ್ ಹಾಕಿದರೂ ಅಲುಗುವುದಿಲ್ಲ.

ಮಲೆನಾಡಿಗ72:
ಧನ್ಯವಾದ ಕೊನೆಯಾಟ ಅವರೇ. ನಮ್ಮ ಬೋರ್ಡಿನ ಅಕ್ಷರಗಳು ಅಳಿಸಿ ಎಷ್ಟೋ ವರ್ಷವಾಯಿತು. ಮಂತ್ರಿಗಳೇ, ಆ ಬೋರ್ಡ್ ಎಲ್ಲಿ ಮಾಡಿಸಿದಿರಿ?