ಮಣಿಪಾಲದ ಗುಡ್ಡೆಯಲ್ಲಿ ಕಾಮನಬಿಲ್ಲು ನೀಲಗಿರಿ ಬರ್ತದಾ?

ಗುಡ್ಡೆಮನೆ:
ಹವಾಯಿಯ ಫೋಟೋಗಳಲ್ಲಿ ಕಾಣುವ ಬಣ್ಣದ ತೊಗಟೆಯ ನೀಲಗಿರಿ, ಯೂಕಲಿಪ್ಟಸ್ ಡಿಗ್ಲುಪ್ಟಾ, ಇಲ್ಲಿ ನೆಡಬಹುದಾ? ಮಣಿಪಾಲದ ಹತ್ತಿರ 20 ಸೆಂಟ್ಸ್ ಮುರಕಲ್ಲು ಜಾಗ. ಮಳೆಗೆ ಕೊರತೆಯಿಲ್ಲ. ಬೀಜ ಆನ್‌ಲೈನಲ್ಲಿ ಸಿಗ್ತದೆ. ಬಾವಿಯಿಂದ 25 ಅಡಿ ಬಿಟ್ಟರೆ ಸಾಕಾ?

ಸಸಿಮಡಿ:
ಒಟ್ಟು ಮಳೆ ನೋಡಿ ಹೊರಡಬೇಡಿ ಮಾರಾಯ್ರೆ. ಇದರ ಮೂಲ ಮಿಂಡನಾವೊ, ಸುಲವೇಸಿ, ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳು. ಹೊಳೆಬದಿಯ ಮೆಕ್ಕಲು ಮಣ್ಣು, ವರ್ಷವಿಡೀ ಮಳೆ. ಕಾಗದದ ತಿರುಳಿಗೆಂದು ಬೇರೆ ದ್ವೀಪಗಳಿಗೆ ಒಯ್ದವರೂ ಅಂಥದ್ದೇ ಜಾಗ ಹುಡುಕಿದರು. ನಮ್ಮಲ್ಲಿ ಸೆಪ್ಟೆಂಬರ್ ದಾಟಿದರೆ ಮಳೆಗಾಲದ ಜೋರು ಮುಗಿಯಿತು. ಜನವರಿಯಿಂದ ಮೇ ತನಕ ಮುರಕಲ್ಲಿನ ಮೇಲಿನ ತೆಳು ಮಣ್ಣಲ್ಲಿ ಪಸೆಯೇ ಇರುವುದಿಲ್ಲ. ಬಯಲುಸೀಮೆಯಲ್ಲಿ ನೆಟ್ಟ ನೀಲಗಿರಿಯ ಬುಡದಲ್ಲಿ ಗಂಟು ಇರ್ತದೆ, ಮೇಲೆ ಒಣಗಿದರೂ ಮತ್ತೆ ಚಿಗುರ್ತದೆ. ಡಿಗ್ಲುಪ್ಟಾಕ್ಕೆ ಆ ಗಂಟೇ ಇಲ್ಲ. ತೊಗಟೆಯೂ ತೆಳು, ಒಣಹುಲ್ಲಿಗೆ ಬೆಂಕಿ ಬಿದ್ದರೆ ಮರ ಹೋಯ್ತು.

ತೋಟದಬದಿ:
ಬೀಜದ ಪ್ಯಾಕೆಟ್ ಬಿಡಿಸಿ ನೋಡಿ. ಅಸಲು ಬೀಜ ನಶ್ಯದ ಪುಡಿಯಷ್ಟು ಸಣ್ಣ, ಕಂದು. ಬಣ್ಣಬಣ್ಣದ ಕಾಳು ಕಳಿಸಿದರೆ ಅದು ಬೇರೇನೋ. ಅಸಲೇ ಸಿಕ್ಕಿದರೆ ಜರಡಿ ಹಿಡಿದ ಹೊಯ್ಗೆಗೆ ಸುಡುಮಣ್ಣು ಬೆರೆಸಿ ಟ್ರೇಯಲ್ಲಿ ಹರಡಿ, ಮೇಲೆ ಉದುರಿಸಿ, ಮಣ್ಣು ಮುಚ್ಚಬಾರದು. ಮೇಲಿಂದ ನೀರು ಹೊಯ್ದರೆ ಬೀಜವೆಲ್ಲ ಒಂದು ಮೂಲೆಗೆ ಸೇರ್ತದೆ. ಟ್ರೇಯನ್ನೇ ನೀರಲ್ಲಿ ಇಟ್ಟು ಅಡಿಯಿಂದ ಹೀರಿಸಿ, ಮೇಲೆ ತೇವ ಕಂಡೊಡನೆ ತೆಗೆಯಿರಿ. ನೀರು ನಿಂತರೆ ಮೊಳಕೆಯ ಕುತ್ತಿಗೆ ಕೊಳೆತು ಸಾಲಾಗಿ ಮಲಗ್ತವೆ. ಎರಡು ಜೋಡಿ ಎಲೆ ಬಂದಾಗ ಚೀಲಕ್ಕೆ. ಫೆಬ್ರವರಿಯಲ್ಲಿ ಬಿತ್ತಿದರೆ ಜೂನ್ ಹೊತ್ತಿಗೆ ಒಂದು ಅಡಿ ಆಗಬಹುದು.

ಸಸಿಮಡಿ:
ಬಿತ್ತುವ ಮೊದಲು ಇನ್ನೊಂದು. 2017ರಲ್ಲಿ ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದೆ. ಒಂದೇ ಗಿಡ ಆದರೂ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಇನ್ನು 25 ಅಡಿ? ತನ್ನ ಮೂಲ ಊರಲ್ಲಿ 60 ಮೀಟರ್ ದಾಟುವ ಮರ ಅದು. ಇಲ್ಲಿ ಅಷ್ಟು ಏರದಿದ್ದರೂ ಬಾವಿ, ಮಾಡು, ಕರೆಂಟಿನ ತಂತಿ ಇರುವ 20 ಸೆಂಟ್ಸಿಗೆ ಹೇಳಿದ್ದಲ್ಲ.

ಗುಡ್ಡೆಮನೆ:
ದೊಡ್ಡ ಚಟ್ಟಿಯಲ್ಲಿ ಇಟ್ಟು, ಸವರಿ ಸಣ್ಣದಾಗಿ ಬೆಳೆಸಿದರೆ?

ತೋಟದಬದಿ:
ಗಿಡ ಬದುಕೀತು, ಬಣ್ಣ ಬರ್ಲಿಕ್ಕಿಲ್ಲ. ಕಾಂಡ ದಪ್ಪ ಆಗಿ ಹಳೆ ತೊಗಟೆ ಪಟ್ಟಿಪಟ್ಟಿಯಾಗಿ ಕಳಚಬೇಕು. ಒಳಗೆ ಮೊದಲು ಎಳೆ ಹಸಿರು, ಆಮೇಲೆ ನೀಲಿ, ನೇರಳೆ, ಕಿತ್ತಳೆ, ಕಂದುಗೆಂಪು. ಕಳಚಿದ ಹೊತ್ತು ಬೇರೆಬೇರೆ ಆದ್ದರಿಂದಲೇ ಪಟ್ಟೆ. ತೊಗಟೆಯ ಚಂದವೇ ಬೇಕಿದ್ದರೆ ನಂದಿ ಮರ ನೋಡಿ, ಘಟ್ಟದ್ದೇ. ನಯವಾದ ಬಿಳಿಚು ಕಾಂಡ, ಕಾಗದದ ಹಾಗೆ ಸುಲಿಯುವ ಸಿಪ್ಪೆ, ನಮ್ಮ ಬೇಸಗೆ ತಡೆಯುತ್ತದೆ. ಅದನ್ನೂ ಬಾವಿಕಟ್ಟೆಗೆ ತಾಗಿಸಿ ನೆಡಬೇಡಿ.