ಸಹಾಯ ಬೇಕು: ಮ್ಯೂಕರ್ (ಕಪ್ಪು ಶಿಲೀಂಧ್ರ) ಕೇಸಲ್ಲಿ ಡ್ರಿಲ್ ಹಿಡಿದಾಗ ಎರಡನೇ ಸಕ್ಷನ್ ಎಲ್ಲಿಡುವುದು?

ಇಎನ್‌ಟಿ ಮಿತ್ರರೇ, ಕೋವಿಡ್ ಪಾಸಿಟಿವ್ ಇದ್ದರೂ ಕಪ್ಪು ಶಿಲೀಂಧ್ರದ ಕೇಸನ್ನು ಮುಂದೂಡುವಂತಿಲ್ಲ, ಕಣ್ಣಿಗೆ ಹಬ್ಬುತ್ತದೆ. 10% ಪೊವಿಡೋನ್ ಅಯೋಡಿನ್ 1 ಮಿ.ಲೀ.ಗೆ 19 ಮಿ.ಲೀ. ಸಲೈನ್ ಬೆರೆಸಿ, ಅದರಲ್ಲಿ ಅದ್ದಿದ ಪ್ಯಾಟಿ (ಹತ್ತಿಯ ಪಟ್ಟಿ) ಮೂಗಿನೊಳಗೆ ಇಡುತ್ತೇವೆ. ಸ್ಪ್ರೇ ಬೇಡವೇ ಬೇಡ, ಸೀನು ಬರುತ್ತದೆ. ಟರ್ಬಿನೇಟ್ (ಮೂಗಿನೊಳಗಿನ ಸುರುಳಿ ಮೂಳೆ), ಸೆಪ್ಟಮ್ (ನಡುಗೋಡೆ) ಎಲ್ಲ ಕತ್ತರಿ, ಫೋರ್ಸೆಪ್ಸ್‌ನಲ್ಲೇ ಮುಗಿಯುತ್ತದೆ.

ತೊಡಕಿರುವುದು ಮೂಗಿನ ಹಿಂದಿರುವ ಟೆರಿಗಾಯ್ಡ್ ಬುಡದ ಮೂಳೆಯಲ್ಲಿ. ಅಲ್ಲಿ ಡ್ರಿಲ್ ಬೇಕು. ನೀರು ಹಾಯಿಸಿದಷ್ಟೂ ವೈರಸ್ ಇರಬಹುದಾದ ತುಂತುರು ಹೊರಗೆ. ಅದನ್ನು ಹೀರಲು ಇನ್ನೊಂದು ಹೊಳ್ಳೆಯಿಂದ ನೇಸೋಫ್ಯಾರಿಂಕ್ಸ್‌ಗೆ (ಮೂಗಿನ ಹಿಂದಿನ ಗಂಟಲಿಗೆ) ಎರಡನೇ ಸಕ್ಷನ್ ಇಟ್ಟರೆ ಮೂಳೆಪುಡಿ, ರಕ್ತ ಸೇರಿ ಕಟ್ಟಿಕೊಳ್ಳುತ್ತದೆ, ಅಸಿಸ್ಟೆಂಟ್ ಕೈಯೂ ಎಂಡೋಸ್ಕೋಪಿಗೆ ಅಡ್ಡ.

ಯಾವ ಸೈಜಿನ ತುದಿ ಹಾಕುತ್ತೀರಿ? ಡ್ರೇಪಿಗೆ ಹೇಗೆ ಕಟ್ಟುತ್ತೀರಿ? ಎಷ್ಟು ನಿಮಿಷಕ್ಕೊಮ್ಮೆ ಸಲೈನ್ ಎಳೆಸುತ್ತೀರಿ?

ಥಿಯೇಟರ್ ಗಾಳಿ ಗಂಟೆಗೆ 6 ಸಲವಷ್ಟೇ ಬದಲಾಗುತ್ತದೆ, 99% ಕಣ ಹೋಗಲು 46 ನಿಮಿಷ. ಹೆಪಾ ಯಂತ್ರ (ಗಾಳಿ ಸೋಸುವ ಯಂತ್ರ) ಇಟ್ಟವರು ಅದರ ಜಾಗವನ್ನೂ ಹೇಳಿ.