ಗೊತ್ತಿಲ್ಲದವರಿಗೆ ನೆರವು: ಮಕ್ಕಳಿಗೆ ಏನು ಹೇಳೋಣ?

ಗೊತ್ತಿಲ್ಲದವರಿಗೆ ನೆರವಾಗುವುದನ್ನು ಮಕ್ಕಳಿಗೆ ಹೇಗೆ ಕಲಿಸುವುದು ಅಂತ ಕೇಳಿದ್ದೀರಿ. ಈ ಪ್ರಶ್ನೆ ನಮ್ಮ ಮನೆಯಲ್ಲೂ ಇದ್ದದ್ದೇ. ವಾರವಿಡೀ "ಗೊತ್ತಿಲ್ಲದವರ ಹತ್ತಿರ ಮಾತಾಡಬೇಡ" ಅಂತೀವಿ, ಭಾನುವಾರ ಚರ್ಚಿನ ಸಂಡೇ ಸ್ಕೂಲಿನಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಕಥೆ. ಪಾಪ, ಮಗು ಯಾವುದನ್ನು ಕೇಳಬೇಕು?

ನನಗೆ ಕಂಡ ಹಾಗೆ ಉತ್ತರ ಆ ಕಥೆಯಲ್ಲೇ ಇದೆ. ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಸಮಾರ್ಯದವನು ಗಾಯಾಳುವನ್ನು ತನ್ನ ಮನೆಗೆ ಕರೆತರಲಿಲ್ಲ. ಗಾಯ ಕಟ್ಟಿದ, ಛತ್ರಕ್ಕೆ ಸೇರಿಸಿದ, ಆ ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ದುಡ್ಡಿಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ನೋಡಿಕೊಳ್ಳಬಲ್ಲವರಿಗೆ ಒಪ್ಪಿಸುವುದೂ ನೆರವೇ. ನಮ್ಮ ಮಕ್ಕಳಿಗೆ ಹೇಳಿರುವುದು ಇಷ್ಟೇ: ಯಾರಾದರೂ ಕಷ್ಟದಲ್ಲಿರುವುದು ಕಂಡರೆ ಮೊದಲು ನಮಗೆ ಹೇಳು, ಒಬ್ಬನೇ ಹೋಗಬೇಡ, ಜೊತೆಗೆ ಹೋಗೋಣ.

ನಾವಿರುವ ಇಂಗ್ಲೆಂಡಿನಲ್ಲಿ ಬೀದಿಯಲ್ಲಿ ಮಲಗಿರುವವರನ್ನು ಕಂಡರೆ ಸ್ಟ್ರೀಟ್‌ಲಿಂಕ್ ವೆಬ್‌ಸೈಟಿನಲ್ಲಿ ತಿಳಿಸಬಹುದು. ಯಾವ ಅಂಗಡಿ ಮುಂದೆ, ಎಷ್ಟು ಹೊತ್ತಿಗೆ ಅಂತ ಸರಿಯಾಗಿ ಬರೆಯಬೇಕು, ಇಲ್ಲದಿದ್ದರೆ ಹುಡುಕುವವರಿಗೆ ಸಿಗುವುದಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ನೇರ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ.

ಚಿಕ್ಕ ಮಕ್ಕಳಿದ್ದರೆ ಫುಡ್‌ಬ್ಯಾಂಕಿನಿಂದ, ಅಂದರೆ ಕಷ್ಟದಲ್ಲಿರುವವರಿಗೆ ದಾನ ಬಂದ ದಿನಸಿಯನ್ನು ಪುಕ್ಕಟೆ ಕೊಡುವ ಜಾಗದಿಂದ, ಶುರು ಮಾಡಿ. ಇವುಗಳನ್ನು ನಡೆಸುವ ಟ್ರಸೆಲ್ ಅನ್ನುವ ದತ್ತಿ ಸಂಸ್ಥೆಯ ಮೊದಲ ಫುಡ್‌ಬ್ಯಾಂಕ್ ಸಾಲ್ಸ್‌ಬರಿಯಲ್ಲಿ 2000ರಲ್ಲಿ ಶುರುವಾಯಿತು. ಈಗ ಎಷ್ಟೋ ಊರುಗಳಲ್ಲಿ ಚರ್ಚ್ ಹಾಲಿನಲ್ಲೇ ನಡೆಯುತ್ತವೆ. ಆಹಾರ ಪಡೆಯಲು ಕೊಡುವ ಒಂದು ವೋಚರಿಗೆ (ಚೀಟಿಗೆ) ಸಾಮಾನ್ಯವಾಗಿ ಮೂರು ದಿನದ ಆಹಾರ. ಕೊಡುವ ಮುಂಚೆ ಅವರಿಗೆ ಏನು ಬೇಕು ಅಂತ ಪಟ್ಟಿ ನೋಡಿ. ನಮ್ಮವರು ಧಾರಾಳವಾಗಿ ತೊಗರಿಬೇಳೆ ತಂದು ಕೊಡುತ್ತಾರೆ, ಒಳ್ಳೆ ಮನಸ್ಸೇ. ಆದರೆ ಅಲ್ಲಿಗೆ ಬರುವ ಎಷ್ಟೋ ಜನರ ಮನೆಯಲ್ಲಿ ಗ್ಯಾಸ್, ಕರೆಂಟು ಎರಡೂ ಮೊದಲೇ ದುಡ್ಡು ಹಾಕುವ ಮೀಟರಿನಲ್ಲಿ ನಡೆಯುತ್ತವೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸುತ್ತಾ ಕೂತರೆ ಮೀಟರಿನ ದುಡ್ಡು ಕರಗುತ್ತದೆ. ಕೆಲವರ ಹತ್ತಿರ ಕೆಟಲ್ ಬಿಟ್ಟರೆ ಏನೂ ಇರುವುದಿಲ್ಲ. ಅಂಥವರಿಗೆ ಬಿಸಿನೀರು ಹಾಕಿದರೆ ಸಾಕಾಗುವ ನೂಡಲ್ಸ್, ಸೂಪು, ಫ್ರಿಜ್ ಬೇಡದ ಹಾಲು, ಉಂಗುರ ಎಳೆದು ತೆಗೆಯುವ ಡಬ್ಬಿಗಳು. ನಮ್ಮ ಮಗಳ ಕೆಲಸ ಡಬ್ಬಿ ತಿರುಗಿಸಿ ತಾರೀಖು ಓದುವುದು. ಒಂದು ಸಲ ಅತಿ ಅಗ್ಗದ ಬೀನ್ಸ್ ಎತ್ತಿಕೊಂಡಿದ್ದೆ. "ಇದನ್ನ ನಾವು ತಿಂತೀವಾ ಅಮ್ಮಾ?" ಅಂದಳು. ವಾಪಸ್ ಇಟ್ಟು ಮನೆಗೆ ತರುವುದನ್ನೇ ತೆಗೆದುಕೊಂಡೆ.

ಅಂದಹಾಗೆ, ದಯವಿಟ್ಟು ಮಕ್ಕಳ ಕೈಗೆ ಚೀಲ ಕೊಟ್ಟು, ತೆಗೆದುಕೊಳ್ಳುವವರ ಪಕ್ಕ ನಿಲ್ಲಿಸಿ ಫೋಟೋ ಹಾಕಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಸಂಡೇ ಸ್ಕೂಲಿನಲ್ಲಿ ನಾವೇ ಕಲಿಸುತ್ತೀವಲ್ಲ.

ಕಷ್ಟದಲ್ಲಿರುವವರು ನಮ್ಮ ಊರಿನ ಹುಡುಗರೂ ಆಗಿರಬಹುದು. ಸಾಲ ಮಾಡಿ ಓದಲು ಬಂದು ಪಾರ್ಟ್‌ಟೈಮ್ ಕೆಲಸ ಸಿಗದೆ ಒಂದೇ ಹೊತ್ತು ಊಟ ಮಾಡುವವರಿದ್ದಾರೆ. ಅವರ ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಅಂತ ಇರುತ್ತದೆ, ಅದಕ್ಕೇ ಫುಡ್‌ಬ್ಯಾಂಕಿಗೆ ಹೋಗಲೂ ಹೆದರುತ್ತಾರೆ. ಫುಡ್‌ಬ್ಯಾಂಕ್ ಆ ಲೆಕ್ಕಕ್ಕೆ ಬರುವುದಿಲ್ಲ, ವೀಸಾಗೆ ತೊಂದರೆ ಇಲ್ಲ. ವೋಚರಿಗೆ, ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯಲ್ಲಿ ಕೇಳಬಹುದು. ಒಬ್ಬರೇ ಹೋಗಲು ಸಂಕೋಚ ಅನ್ನುವವರಿದ್ದರೆ ನನಗೆ ಮೆಸೇಜ್ ಮಾಡಲಿ, ಜೊತೆಗೆ ಬರುತ್ತೇನೆ.